ನಾಯಿಗೆ ಕೊನೆಯ ದಿನ ಗೊತ್ತುಮಾಡಬೇಕಾಗಿದೆ: ಮೊದಲು ಏನು, ಆಮೇಲೆ ಏನು?

ಜಗಲಿಕಟ್ಟೆ
13 ವರ್ಷದ ನಾಯಿ, 24 ಕೆಜಿ, ಕಿಡ್ನಿ ಕಾಯಿಲೆಯ ಕೊನೆಯ ಹಂತ. ದಯಾಮರಣದ ಇಂಜೆಕ್ಷನ್ ಕೊಡಿಸಬೇಕಾಗಿದೆ. ಡಾಕ್ಟರು "ದಿನ ನೀವೇ ನೋಡಿ ಹೇಳಿ, ತುಂಬ ಎಳೆಯಬೇಡಿ" ಅಂದಿದ್ದಾರೆ. ಮನೆಯಲ್ಲಿ ಆರು ವರ್ಷದ ಮಗು ಇದೆ, ಇನ್ನೊಂದು ನಾಯಿಯೂ ಇದೆ. ಸಮಾಧಾನದ ಮಾತಿಗಿಂತ ಈಗ ಬೇಕಾಗಿರೋದು ವಿಷಯ. ದಿನವನ್ನ ಯಾವ ಆಧಾರದ ಮೇಲೆ ಗೊತ್ತುಮಾಡೋದು? ಇಂಜೆಕ್ಷನ್ ಕೊಡುವಾಗ ಏನೇನಾಗುತ್ತೆ? ದೇಹ ಏನು ಮಾಡೋದು? ಮಗುವಿಗೆ ಏನು ಹೇಳೋದು? ಉಳಿದ ನಾಯಿಯನ್ನ ಹೇಗೆ ನೋಡ್ಕೊಳ್ಳೋದು? ಇದರಲ್ಲಿ ಅನುಭವ ಇರೋರು ದಯವಿಟ್ಟು ವಿವರವಾಗಿ ಬರೀರಿ.

ಹಸಿರುಕೋಟು
ಪಶುವೈದ್ಯಕೀಯದ ಕಡೆಯಿಂದ ಹೇಳ್ತೀನಿ. ದಿನ ಗೊತ್ತುಮಾಡೋಕೆ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಕೊಟ್ಟ ಅಳತೆಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಏಳು ಅಂಶ: ನೋವು (ಉಸಿರಾಟದ ಕಷ್ಟವೂ ಇದರಲ್ಲೇ ಸೇರುತ್ತೆ), ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿದೆಯೇ ಅನ್ನೋದು. ಒಂದೊಂದಕ್ಕೂ 0ಯಿಂದ 10. ಹತ್ತು ಅಂದರೆ ತೊಂದರೆಯೇ ಇಲ್ಲ ಅಂತ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು ಅನ್ನೋದು ಅದರ ಲೆಕ್ಕ.

ಮನೆಯಲ್ಲಿರೋ ದೊಡ್ಡವರು ಪ್ರತಿಯೊಬ್ಬರೂ ಬೇರೆಬೇರೆಯಾಗಿ ಅಂಕ ಹಾಕಿ, ಆಮೇಲೆ ಹೋಲಿಸಿ. ಒಟ್ಟಿಗೆ ಕೂತು ಹಾಕಿದರೆ ಹೆಚ್ಚು ಹಚ್ಚಿಕೊಂಡವರ ಅಂಕವೇ ಎಲ್ಲರ ಅಂಕ ಆಗಿಬಿಡುತ್ತೆ.

ತೆಂಕಣಗಾಳಿ
ಒಟ್ಟು ಅಂಕ ನಂಬಿ ಕೂರಬೇಡಿ. ಉಸಿರು ಕಟ್ಟುತ್ತಿರೋ ನಾಯಿಗೆ ಮಿಕ್ಕ ಆರರಲ್ಲೂ ಏಳೇಳು ಬಂದರೆ 42 ಆಗುತ್ತೆ. ಅದಕ್ಕೇನರ್ಥ? ಉಸಿರಾಟದ ಕಷ್ಟ ಇದ್ದರೆ ಉಳಿದ ಲೆಕ್ಕವೇ ಬೇಡ.

ಹಸಿರುಕೋಟು
ಒಪ್ಪಿದೆ. ಔಷಧಿಗೂ ಬಗ್ಗದ ನೋವು, ಉಸಿರಾಟದ ಕಷ್ಟ, ನಿಲ್ಲದ ಫಿಟ್ಸ್, ಈ ಮೂರರಲ್ಲಿ ಯಾವುದಿದ್ದರೂ ಅಂಕ ನೋಡುತ್ತಾ ಕೂರೋ ಹೊತ್ತಲ್ಲ ಅದು.

ಕಿಡ್ನಿ ನಾಯಿಗಳಲ್ಲಿ ಇನ್ನೊಂದು ಗಮನಿಸಿ. ಕೊನೆಯಲ್ಲಿ ಹಿಂಸೆ ಕೊಡೋದು ಹೆಚ್ಚಾಗಿ ವಾಕರಿಕೆ. ಬಟ್ಟಲ ಹತ್ತಿರ ಬಂದು, ಮೂಸಿ, ತುಟಿ ನೆಕ್ಕಿ, ಮುಖ ತಿರುಗಿಸಿ ಹೋಗುತ್ತೆ. ಮನೆಯವರು "ಹಸಿವಿಲ್ಲ" ಅಂದುಕೊಳ್ತಾರೆ. ಹಸಿವಿರುತ್ತೆ, ತಿನ್ನೋಕಾಗಲ್ಲ. ಬಾಯಲ್ಲಿ ಹುಣ್ಣು, ಉಸಿರಲ್ಲಿ ಅಮೋನಿಯಾ ವಾಸನೆ ಇದ್ದರೆ ಕೊನೆ ಹತ್ತಿರ ಇದೆ ಅಂತ ತಿಳ್ಕೊಳ್ಳಿ. ಡ್ರಿಪ್ ಹಾಕಿದ ಮಾರನೇ ದಿನ ನಾಯಿ ಗೆಲುವಾಗಿ ಕಾಣೋದು ಸಹಜ. ಅದು ಡ್ರಿಪ್ಪಿನ ಗೆಲುವು, ಕಿಡ್ನಿ ಸುಧಾರಿಸಿತು ಅಂತಲ್ಲ.

ಮಾತುಕಥೆ
ಒಂದು ವಾರ ಮೊದಲೇ ಆದರೂ ಪರವಾಗಿಲ್ಲ, ಒಂದು ದಿನ ತಡ ಆಗಬಾರದು ಅಂತಾರೆ ವೈದ್ಯರು. ಕೇಳೋಕೆ ಸರಿ. ಆ ಒಂದು ವಾರ ಕಿತ್ತುಕೊಂಡೆವಲ್ಲ ಅಂತ ಜೀವನಪೂರ್ತಿ ಕೊರಗೋರು ಮನೆಯವರು ತಾನೇ?

ನೆರಳುಬೆಳಕು
ಈ ಕೊರಗಿಗೇ ಮೊದಲು ಕಟ್ಟೆ ಕಟ್ಟಬೇಕು. ದುಃಖದ ಸಮಾಲೋಚನೆ ಮಾಡೋ ಕಡೆಯಿಂದ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಮನುಷ್ಯರ ಸಾವಿನಲ್ಲಿ ಸಾಮಾನ್ಯವಾಗಿ ದಿನ ಗೊತ್ತುಮಾಡೋದು ನಾವಲ್ಲ. ಇಲ್ಲಿ ನಾವೇ. ಹಾಗಾಗಿ ನಾಯಿಯ ದುಃಖದಲ್ಲಿ ಅಗಲಿಕೆಯ ನೋವಿನಷ್ಟೇ ಜಾಗವನ್ನ "ನಾವೇ ಕೊಂದೆವಾ?" ಅನ್ನೋ ಪ್ರಶ್ನೆ ಹಿಡಿಯುತ್ತೆ. ಎರಡು ವಾರ ಕಳೆದ ಮೇಲೆ ನೆನಪು ಮಾಡೋ ಕೆಲಸ ಏನು ಅಂದರೆ, ಕೊನೆಯ ದಿನಗಳಲ್ಲಿ ಬಾಲ ಆಡಿಸಿದ ಒಂದು ಸಂಜೆಯನ್ನ ಎತ್ತಿಟ್ಟುಕೊಂಡು, ರಾತ್ರಿಯಿಡೀ ವಾಂತಿ ಮಾಡಿದ್ದನ್ನ ಮಸುಕು ಮಾಡಿಬಿಡುತ್ತೆ. ಆಗ "ಅಷ್ಟು ಚೆನ್ನಾಗಿತ್ತಲ್ಲ, ಅವಸರ ಮಾಡಿದೆವು" ಅನ್ನಿಸುತ್ತೆ. ವಾದ ಮಾಡೋಕೆ ಕೈಯಲ್ಲಿ ದಾಖಲೆ ಇರಲ್ಲ.

ಆದ್ದರಿಂದ ದಾಖಲೆ ಈಗಲೇ ಮಾಡಿ. ಗೋಡೆ ಕ್ಯಾಲೆಂಡರಿನಲ್ಲಿ ದಿನಾ ರಾತ್ರಿ ಒಂದೇ ಗುರುತು: ಒಳ್ಳೇ ದಿನ ಅಥವಾ ಕೆಟ್ಟ ದಿನ. ಅರೆಬರೆ ದಿನಗಳೂ ಎರಡರಲ್ಲೊಂದು ಆಗಲೇಬೇಕು. ಜೊತೆಗೆ ಎಷ್ಟು ಸಲ ತಿಂತು, ಎಷ್ಟು ಸಲ ವಾಂತಿ, ತಾನಾಗಿ ಎದ್ದು ಹೊರಗೆ ಹೋಯ್ತಾ ಅಂತ ಒಂದು ಸಾಲು. ನಿರ್ಧಾರ ಮಾಡಿದ ರಾತ್ರಿ ಅರ್ಧ ಪುಟ ಬರೀರಿ: ಇವತ್ತಿನ ತೂಕ, ಕೊನೆಯ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತಪರೀಕ್ಷೆಯ ಅಂಕಿ), ಡಾಕ್ಟರು ಹೇಳಿದ ಮಾತು ಅವರದೇ ಪದಗಳಲ್ಲಿ, ಇನ್ನು ಏನೇನು ದಾರಿ ಇತ್ತು, ಅದನ್ನ ಯಾಕೆ ಬಿಟ್ಟೆವು. ದಿನಾಂಕ ಹಾಕಿ ದೊಡ್ಡವರೆಲ್ಲ ಸಹಿ ಮಾಡಿ. ಮುಂದೆ ಮನಸ್ಸು ಮೊಕದ್ದಮೆ ಹೂಡಿದಾಗ ಆ ಕಾಗದ ಸಾಕ್ಷಿ ಹೇಳುತ್ತೆ.

ಕಾವಲುಕಣ್ಣು
"ಮೊದಲೇ ಗೊತ್ತಾಗಬೇಕಿತ್ತು" ಅನ್ನೋ ಕೊರಗಿಗೂ ಇದೇ ಮದ್ದು. ಕಿಡ್ನಿಯ ಶಕ್ತಿ ಸುಮಾರು ಮುಕ್ಕಾಲು ಪಾಲು ಹೋಗೋವರೆಗೂ ಕ್ರಿಯಾಟಿನಿನ್ ಏರೋದೇ ಇಲ್ಲ. ಗುಲ್ಮದಲ್ಲಿ ಬೆಳೆಯೋ ಹಿಮಾಂಜಿಯೋಸಾರ್ಕೋಮಾ ಅನ್ನೋ ಗೆಡ್ಡೆ ಒಡೆದು ಒಳಗೆ ರಕ್ತ ಸುರಿಯೋವರೆಗೂ ಎಷ್ಟೋ ನಾಯಿಗಳು ಮಾಮೂಲಾಗೇ ಓಡಾಡಿಕೊಂಡಿರ್ತವೆ. ಡಾಕ್ಟರ ಹತ್ತಿರ ಕೇಸಿನ ಸಾರಾಂಶ ಬರೆಸಿಕೊಳ್ಳಿ. ಯಾವಾಗ ಏನು ತಿಳಿಯೋಕೆ ಸಾಧ್ಯ ಇತ್ತು ಅನ್ನೋದು ಅದರಲ್ಲಿ ಇರುತ್ತೆ.

ಬೆಳ್ಳಿಚುಕ್ಕಿ
ಇಂಜೆಕ್ಷನ್ ಕೊಡುವಾಗ ಏನಾಗುತ್ತೆ ಅಂತ ಯಾರೂ ಹೇಳಲಿಲ್ಲ. ಅದನ್ನ ಮೊದಲೇ ತಿಳಿಸದೆ ಒಳಗೆ ಕರೆದರೆ ನೋಡಿದವರಿಗೆ ಆ ದೃಶ್ಯವೇ ಅಂಟಿಕೊಳ್ಳುತ್ತೆ.

ಹಸಿರುಕೋಟು
ಹೇಳ್ತೀನಿ. ಓದೋಕೆ ಕಷ್ಟ ಅನ್ನೋರು ಇದೊಂದು ಉತ್ತರ ದಾಟಿಕೊಳ್ಳಿ.

ಮೊದಲು ಮತ್ತೇರಿಸೋ ಇಂಜೆಕ್ಷನ್, ಸ್ನಾಯುವಿಗೆ ಅಥವಾ ಚರ್ಮದಡಿಗೆ. 5ರಿಂದ 15 ನಿಮಿಷದಲ್ಲಿ ನಾಯಿ ಆಳವಾದ ನಿದ್ದೆಗೆ ಜಾರುತ್ತೆ. ಕೆಲವು ಮತ್ತಿನ ಔಷಧಿಗಳಿಂದ ಒಂದು ಸಲ ವಾಂತಿ ಆಗಬಹುದು, ಅದಕ್ಕೇ ಹೊಟ್ಟೆತುಂಬ ತಿನ್ನಿಸಿ ತರಬೇಡಿ. ಇಷ್ಟದ್ದು ಒಂದೆರಡು ತುಣುಕು ಸಾಕು. ನಾಯಿಗೆ ನಿಮ್ಮ ಮಾತು ಕೇಳಿಸೋ ಹೊತ್ತು ಇದು, ಹೇಳೋದೆಲ್ಲ ಆಗಲೇ ಹೇಳಿ. ಆಮೇಲೆ ಮುಂಗಾಲಿನ ಕೂದಲು ಸ್ವಲ್ಪ ಬೋಳಿಸಿ ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕ್ತಾರೆ. ಅದರಲ್ಲಿ ಪೆಂಟೋಬಾರ್ಬಿಟಾಲ್, ಅಂದರೆ ಅರಿವಳಿಕೆಯ ಔಷಧಿಯೇ, ಮಿತಿಮೀರಿದ ಪ್ರಮಾಣದಲ್ಲಿ. ಮೊದಲು ಮೆದುಳಿನ ಎಚ್ಚರ ಹೋಗುತ್ತೆ, ಆಮೇಲೆ ಉಸಿರು ನಿಲ್ಲುತ್ತೆ, ಕೊನೆಗೆ ಹೃದಯ. ಸಾಮಾನ್ಯವಾಗಿ ಕೆಲವೇ ನಿಮಿಷ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಖಚಿತ ಮಾಡೋವರೆಗೂ ಮುಗಿದಿದೆ ಅಂದುಕೊಳ್ಳಬೇಡಿ.

ಕಣ್ಣು ತೆರೆದೇ ಇರುತ್ತೆ. ಮುಚ್ಚಿದರೂ ನಿಲ್ಲೋದು ಕಡಿಮೆ. ಹೃದಯ ನಿಂತ ಮೇಲೂ ಒಂದೆರಡು ಸಲ ಜೋರಾಗಿ ಉಸಿರೆಳೆದ ಹಾಗೆ ಎದೆ ಏಳಬಹುದು, ಮೀಸೆಯ ಹತ್ತಿರ, ತೊಡೆಯ ಹತ್ತಿರ ಅದುರಬಹುದು, ಮೂತ್ರ ಹೋಗಬಹುದು. ನಾಯಿಗೆ ಅದ್ಯಾವುದೂ ಗೊತ್ತಿರಲ್ಲ.

ಎಡವೋದು ಎಲ್ಲಿ ಅಂದರೆ, ನಿಮ್ಮ ನಾಯಿಯ ಹಾಗೆ ನೀರಿನಂಶ ಬತ್ತಿದ, ರಕ್ತದೊತ್ತಡ ಕುಸಿದ ನಾಯಿಗಳಲ್ಲಿ ನಾಳ ಸಿಗೋದು ಕಷ್ಟ. ಎರಡು ಮೂರು ಸಲ ಚುಚ್ಚಬೇಕಾಗಬಹುದು. ಅದಕ್ಕೇ ಮತ್ತಿನ ಇಂಜೆಕ್ಷನ್ ಮೊದಲು ಕೊಡಿ ಅಂತ ನೀವೇ ಕೇಳಿ. ಪೆಂಟೋಬಾರ್ಬಿಟಾಲ್ ಸಿಗದ ಕಡೆ ಪೊಟ್ಯಾಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಸಲ್ಫೇಟ್ ಬಳಸೋದುಂಟು. ಅದು ಪೂರ್ತಿ ಅರಿವಳಿಕೆ ಆದ ಮೇಲೆ ಮಾತ್ರ ಸರಿ. ಎಚ್ಚರ ಇರುವಾಗ ಕೊಟ್ಟರೆ ಘೋರ ಹಿಂಸೆ. "ಮೊದಲು ಪೂರ್ತಿ ಪ್ರಜ್ಞೆ ತಪ್ಪಿಸ್ತೀರಲ್ವಾ, ಯಾವ ಔಷಧಿ?" ಅಂತ ದಿನ ಗೊತ್ತುಮಾಡುವಾಗಲೇ ಕೇಳಿ. ಸಂಕೋಚ ಬೇಡ, ಒಳ್ಳೆ ವೈದ್ಯರು ಬೇಜಾರು ಮಾಡ್ಕೊಳ್ಳಲ್ಲ.

ಮಾತುಕಥೆ
ಮನೆಯವರು ಪಕ್ಕದಲ್ಲಿ ಇರಲೇಬೇಕು. ಬಿಟ್ಟು ಹೊರಗೆ ಹೋಗೋದು ದ್ರೋಹ.

ನೆರಳುಬೆಳಕು
ಈ ಮಾತು ಬೇಡ, ದಯವಿಟ್ಟು. ನೋಡಲಾಗದವರೂ ಇರ್ತಾರೆ. ನಿದ್ದೆಗೆ ಜಾರೋವರೆಗೆ ಒಬ್ಬರು ಪರಿಚಿತರು ಪಕ್ಕದಲ್ಲಿದ್ದು ಮುಟ್ಟಿಕೊಂಡಿದ್ದರೆ ನಾಯಿಗೆ ಅಷ್ಟೇ ಬೇಕಿರೋದು. ಆಮೇಲೆ ಹೊರಗೆ ಹೋದರೆ ಯಾವ ದ್ರೋಹವೂ ಇಲ್ಲ.

ಮಣ್ಣುಮಾತು
ದೇಹದ ವಿಷಯಕ್ಕೆ ಬರೋಣ, ಇಲ್ಲೇ ಜನ ಗಾಬರಿ ಬೀಳೋದು.

ಕೆಲವೇ ಗಂಟೆಗಳಲ್ಲಿ ಮೈ ಸೆಟೆಯುತ್ತೆ, ಬಿಸಿಲಿದ್ದರೆ ಇನ್ನೂ ಬೇಗ. ಅದಕ್ಕೆ ಮೊದಲೇ ಕಾಲು ನಾಲ್ಕೂ ಹೊಟ್ಟೆಯ ಕಡೆ ಮಡಚಿ, ಮೂತಿ ಬಾಲದ ಕಡೆ ತಿರುಗಿಸಿ, ಸುರುಳಿ ಸುತ್ತಿ ಮಲಗಿದ ಹಾಗೆ ಮಾಡಿಡಿ. ಕಾಲು ಚಾಚಿದ ಹಾಗೇ ಬಿಟ್ಟರೆ ಆಮೇಲೆ ಯಾವ ಪೆಟ್ಟಿಗೆಗೂ, ಹೊಂಡಕ್ಕೂ ಹಿಡಿಸಲ್ಲ. ಸೊಂಟದ ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ಟವೆಲ್. ತಲೆ ಸ್ವಲ್ಪ ಎತ್ತರದಲ್ಲಿರಲಿ, ಇಲ್ಲಾಂದರೆ ಮೂಗು ಬಾಯಿಂದ ದ್ರವ ಬರುತ್ತೆ. ತಕ್ಷಣ ಮಣ್ಣು ಮಾಡೋಕೆ ಆಗದಿದ್ದರೆ ಐಸ್ ಪ್ಯಾಕನ್ನ ಬಟ್ಟೆಯಲ್ಲಿ ಸುತ್ತಿ ಹೊಟ್ಟೆಯ ಮೇಲೂ ಕೆಳಗೂ ಇಡಿ. ಕೊಳೆಯೋದು ಹೊಟ್ಟೆಯಿಂದಲೇ ಶುರು.

ಹೂಳೋದಾದರೆ ಮೊದಲು ನಿಮ್ಮ ಸ್ಥಳೀಯಾಡಳಿತದ ನಿಯಮ ಕೇಳಿ. ಜಾಗ ನಿಮ್ಮದೇ ಆಗಿರಬೇಕು, ಬಾವಿ, ಹಳ್ಳ, ಪೈಪುಗಳಿಂದ ದೂರ ಇರಬೇಕು, ಅಗೆದಾಗ ನೀರು ಜಿನುಗಬಾರದು. ದೇಹದ ಮೇಲೆ ಕನಿಷ್ಠ 3 ಅಡಿ ಮಣ್ಣು ಬರಬೇಕು ಅಂದರೆ 24 ಕೆಜಿ ನಾಯಿಗೆ ಹೊಂಡ ನಾಲ್ಕೂವರೆ ಅಡಿ ಆಳ ಬೇಕು. ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಗಾಳಿಯಾಡದೆ ವರ್ಷಗಟ್ಟಲೆ ಕರಗಲ್ಲ. ಮೇಲೆ ಮಣ್ಣು ಗುಡ್ಡೆ ಹಾಕಿ ಬಿಡಿ, ತಿಂಗಳೊಪ್ಪತ್ತಿನಲ್ಲಿ ಕುಸಿಯುತ್ತೆ.

ಅಂಗಳದಹುಡುಗ
ಸುಣ್ಣ ಸುರಿದರೆ ಬೇಗ ಕರಗುತ್ತಲ್ವಾ?

ಮಣ್ಣುಮಾತು
ಇಲ್ಲ, ತಿರುಗಾಮುರುಗಾ. ಸುಣ್ಣ ವಾಸನೆ ತಡೆಯುತ್ತೆ, ಕೊಳೆಯೋದನ್ನ ನಿಧಾನ ಮಾಡುತ್ತೆ. ಬೇಗ ಕರಗಲಿ ಅಂತಿದ್ದರೆ ಬರೀ ಮಣ್ಣೇ ಸರಿ.

ಹಸಿರುಕೋಟು
ಆಳದ ವಿಷಯದಲ್ಲಿ ಸಡಿಲ ಬಿಡಬೇಡಿ ಅನ್ನೋದಕ್ಕೆ ಇನ್ನೊಂದು ಕಾರಣ. ಪೆಂಟೋಬಾರ್ಬಿಟಾಲ್ ದೇಹದಲ್ಲಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತೆ. ಬೇರೆ ನಾಯಿಯೋ ಹದ್ದೋ ಕೆದಕಿ ತಿಂದರೆ ಅದೂ ಸಾಯಬಹುದು. ಅಷ್ಟು ಆಳ ಅಗೆಯೋಕೆ ಆಗದಿದ್ದರೆ ದಹನವೇ ಒಳ್ಳೇದು.

ಸಾವಿಗೆ ಕಾರಣ ಗೊತ್ತಿಲ್ಲದೆ, ಕೊನೆಗೆ ಜೊಲ್ಲು, ತೂರಾಟ, ವಿಚಿತ್ರ ಸಿಟ್ಟು ಕಂಡಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಮುದ್ದಿಸಬೇಡಿ. ರೇಬೀಸ್ ಇರಬಹುದು. ಪಶುವೈದ್ಯರಿಗೆ ತಿಳಿಸಿ. ಜೊಲ್ಲು ತಾಗಿದವರು, ಕಚ್ಚಿಸಿಕೊಂಡವರು ಸೋಪು ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಲಸಿಕೆಗೆ ಹೋಗಬೇಕು. ಶವಪರೀಕ್ಷೆ ಬೇಕಿದ್ದರೆ ದೇಹ ತಂಪಾಗಿಡಿ, ಫ್ರೀಜರಿಗೆ ಹಾಕಬೇಡಿ. ಹೆಪ್ಪುಗಟ್ಟಿದರೆ ಜೀವಕೋಶ ಒಡೆದು ಸೂಕ್ಷ್ಮದರ್ಶಕದಲ್ಲಿ ತಿಳಿಯೋದು ಕಷ್ಟ.

ಬೆಳ್ಳಿಚುಕ್ಕಿ
ದಹನ ಅಂದರೆ ಬೂದಿ ನಮ್ಮ ನಾಯಿಯದ್ದೇ ಅಂತ ಏನು ಖಾತ್ರಿ?

ಮಣ್ಣುಮಾತು
ಮೂರು ಥರ ಇರುತ್ತೆ: ಒಂದೇ ಪ್ರಾಣಿಗೆ ಇಡೀ ಒಲೆ, ಒಂದೇ ಒಲೆಯಲ್ಲಿ ಅಡ್ಡಗೋಡೆ ಇಟ್ಟು ಹಲವು ಪ್ರಾಣಿ, ಮತ್ತೆ ಸಾಮೂಹಿಕ. "ಪ್ರತ್ಯೇಕ" ಅನ್ನೋ ಮಾತನ್ನ ಎರಡನೆಯದಕ್ಕೂ ಬಳಸ್ತಾರೆ. ಅದಕ್ಕೇ ಪ್ರಶ್ನೆ ಹೀಗೆ ಕೇಳಿ: "ಆ ಹೊತ್ತಿಗೆ ಒಲೆಯೊಳಗೆ ಬೇರೆ ಪ್ರಾಣಿ ಇರುತ್ತಾ?" ದೇಹದ ಜೊತೆಗೇ ಹೋಗಿ ಬರೋ ಲೋಹದ ನಂಬರ್ ಬಿಲ್ಲೆ ಇದೆಯಾ ಅಂತಲೂ ಕೇಳಿ. ಬೂದಿಯ ಪ್ರಮಾಣ ಕೆಜಿಗೆ ಸುಮಾರು 36 ಮಿಲಿ ಅಂತ ಲೆಕ್ಕ, ನಿಮ್ಮ ನಾಯಿಗೆ ಒಂದು ಲೀಟರಿನ ಡಬ್ಬಿ ಸಾಕು. ಗಿಡದ ಬುಡಕ್ಕೆ ನೇರ ಸುರಿಯಬೇಡಿ. ಬೂದಿ ತೀರಾ ಕ್ಷಾರ, ಉಪ್ಪಿನಂಶವೂ ಜಾಸ್ತಿ, ಬೇರು ಸುಡುತ್ತೆ. ಬಹಳಷ್ಟು ಮಣ್ಣಿನ ಜೊತೆ ಬೆರೆಸಿ, ಬೇರಿನಿಂದ ದೂರ ಹಾಕಿ.

ಕಾವಲುಕಣ್ಣು
ಹೆಜ್ಜೆಗುರುತು ಬೇಕು ಅನ್ನೋರು ಮೈ ಸೆಟೆಯೋ ಮೊದಲೇ ತೆಗೀಬೇಕು. ಸಾಧ್ಯವಾದರೆ ಬದುಕಿರುವಾಗಲೇ ತೆಗೆದಿಡಿ. ಬೆರಳ ಸಂದಿಯ ಕೂದಲು ಕತ್ತರಿಸಿ, ಅಂಗಾಲು ಒರೆಸಿ ಒಣಗಿಸಿ. ನೀರಲ್ಲಿ ತೊಳೆದರೆ ಹೋಗೋ ಶಾಯಿಯನ್ನ ಸ್ಪಂಜಿನಿಂದ ತೆಳ್ಳಗೆ ತಟ್ಟಿ. ಆಮೇಲೆ ಕಾಲನ್ನ ಕಾಗದಕ್ಕೆ ಒತ್ತೋ ಬದಲು, ಗಟ್ಟಿ ರಟ್ಟಿನ ಮೇಲಿಟ್ಟ ಕಾಗದವನ್ನೇ ಅಂಗಾಲಿಗೆ ಒತ್ತಿ, ಒಂದೊಂದು ಬೆರಳಿನ ಮೇಲೂ ಹೆಬ್ಬೆಟ್ಟಿನಿಂದ ಅಮುಕಿ, ನೇರ ಎತ್ತಿ. ಮೊದಲನೆಯದು ಯಾವಾಗಲೂ ಕದಡಿಹೋಗುತ್ತೆ, ನಾಲ್ಕೈದು ಹಾಳೆ ಇಟ್ಕೊಳ್ಳಿ. ಕೂದಲು ಬೇಕಿದ್ದರೆ ಕಿವಿಯ ಹಿಂದಿನಿಂದ ತೆಗೆಯಿರಿ, ಮೊದಲು ದಾರ ಕಟ್ಟಿ ಆಮೇಲೆ ಕತ್ತರಿಸಿ.

ಅಂಗಳದಹುಡುಗ
ಮಗುವಿಗೆ "ದೂರದ ಊರಿಗೆ ಹೋಗಿದೆ" ಅಂದರೆ ಸಾಲದಾ? ಆರು ವರ್ಷಕ್ಕೆ ಸಾವು ಎಲ್ಲಿ ಅರ್ಥ ಆಗುತ್ತೆ?

ನೆರಳುಬೆಳಕು
ಅದನ್ನ ಮಾತ್ರ ಹೇಳಬೇಡಿ. ಹೇಳದೆಯೇ ಹೋಯಿತಲ್ಲ ಅಂತ ಮಗು ಕಾಯುತ್ತೆ. "ಡಾಕ್ಟರು ಮಲಗಿಸಿದರು" ಅನ್ನೋದೂ ಬೇಡ, ರಾತ್ರಿ ಮಲಗೋಕೆ, ಡಾಕ್ಟರ ಹತ್ತಿರ ಹೋಗೋಕೆ ಹೆದರುತ್ತೆ. ಆರು ವರ್ಷದ ಮಕ್ಕಳಲ್ಲಿ ಸಾವು ವಾಪಸ್ ಬಾರದ್ದು ಅನ್ನೋ ತಿಳಿವು ಅರ್ಧಂಬರ್ಧ ಇರುತ್ತೆ. ಜೊತೆಗೆ, ತಾನು ಬೈದದ್ದಕ್ಕೆ, ಬಾಲ ಎಳೆದದ್ದಕ್ಕೆ ಸತ್ತಿತು ಅಂತ ಒಳಗೊಳಗೇ ನಂಬೋ ವಯಸ್ಸು ಅದು.

ಹೀಗೆ ಹೇಳಬಹುದು: "ಅದರ ಕಿಡ್ನಿ ಕೆಲಸ ನಿಲ್ಲಿಸಿದೆ. ಔಷಧಿಯಿಂದ ಸರಿ ಮಾಡೋಕಾಗಲ್ಲ. ನಾಳೆ ಡಾಕ್ಟರು ನೋವಾಗದ ಹಾಗೆ ಸಾಯೋಕೆ ಸಹಾಯ ಮಾಡ್ತಾರೆ. ಸತ್ತ ಮೇಲೆ ಅದಕ್ಕೆ ನೋವು, ಹಸಿವು, ಚಳಿ ಯಾವುದೂ ಇರಲ್ಲ. ಮತ್ತೆ ವಾಪಸ್ ಬರಲ್ಲ. ನೀನು ಮಾಡಿದ ಯಾವುದರಿಂದಲೂ ಇದು ಆಗಲಿಲ್ಲ." ಕೊನೆಯ ವಾಕ್ಯ ಮಗು ಕೇಳದಿದ್ದರೂ ಹೇಳಿ. ಅದೇ ಪ್ರಶ್ನೆಯನ್ನ ದಿನಕ್ಕೆ ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಪದಗಳಲ್ಲಿ ಉತ್ತರ ಕೊಡಿ. ಮಗು ಅತ್ತು ಹತ್ತು ನಿಮಿಷಕ್ಕೆ ಆಟಕ್ಕೆ ಓಡಿದರೆ ಅದು ಸಹಜ, ಮಕ್ಕಳು ಹಾಗೇ ದುಃಖ ಪಡೋದು.

ತೆಂಕಣಗಾಳಿ
ಇನ್ನೊಂದು ನಾಯಿಗೆ ಸತ್ತ ನಾಯಿಯನ್ನ ತೋರಿಸಿ, ಮೂಸಲಿ. ಇಲ್ಲಾಂದರೆ ಹುಡುಕ್ತಾನೇ ಇರುತ್ತೆ.

ಕಾವಲುಕಣ್ಣು
ತೋರಿಸಿದರೆ ತಪ್ಪಿಲ್ಲ, ಆದರೆ ತೋರಿಸಿದರೆ ಹುಡುಕೋದು ನಿಲ್ಲುತ್ತೆ ಅನ್ನೋಕೆ ಗಟ್ಟಿ ಆಧಾರವೂ ಇಲ್ಲ. ಸೋಂಕಿನಿಂದ ಸತ್ತಿದ್ದರೆ ಹತ್ತಿರ ಬಿಡಲೇಬೇಡಿ.

ಉಳಿದ ನಾಯಿಯ ಬಗ್ಗೆ ಒಂದು ಅಧ್ಯಯನ ಇದೆ. ಇಟಲಿಯಲ್ಲಿ ಜೊತೆಯ ನಾಯಿ ಸತ್ತ ಮನೆಗಳ 426 ಮಾಲೀಕರನ್ನ ಕೇಳಿ 2022ರಲ್ಲಿ ಪ್ರಕಟಿಸಿದ್ದು. 86% ಮಂದಿ ಉಳಿದ ನಾಯಿಯ ನಡವಳಿಕೆ ಬದಲಾಯ್ತು ಅಂದರು. ಹೆಚ್ಚಾಗಿ ಕಂಡದ್ದು ಮನೆಯವರ ಹಿಂದೆಯೇ ಸುತ್ತೋದು, ಆಟ ಕಡಿಮೆ ಆಗೋದು. ಮೂರನೇ ಒಂದರಷ್ಟು ನಾಯಿಗಳು ಊಟ ಕಡಿಮೆ ಮಾಡಿದವು. ಎರಡೂ ಎಷ್ಟು ವರ್ಷ ಜೊತೆಗಿದ್ದವು ಅನ್ನೋದಕ್ಕಿಂತ ಎಷ್ಟು ಸ್ನೇಹದಿಂದಿದ್ದವು ಅನ್ನೋದು ಮುಖ್ಯವಾಯ್ತು. ಮಾಲೀಕರ ದುಃಖಕ್ಕೂ ನಾಯಿಯ ಹೆದರಿಕೆಗೂ ನಂಟು ಕಂಡಿತು. ಮಾಲೀಕರೇ ಹೇಳಿದ ವರದಿ ಅನ್ನೋದು ನೆನಪಿರಲಿ, ತಮ್ಮ ದುಃಖವನ್ನೇ ನಾಯಿಯಲ್ಲಿ ಕಂಡಿರಲೂಬಹುದು.

ಮಾಡಬೇಕಾದ್ದು ಇಷ್ಟು: ಊಟ, ನಡಿಗೆಯ ಹೊತ್ತು ಒಂದು ನಿಮಿಷವೂ ಬದಲಿಸಬೇಡಿ. ಹೋದ ನಾಯಿಯ ಹಾಸಿಗೆ ಕೂಡಲೇ ಒಗೆಯಬೇಡಿ. ಉಳಿದ ನಾಯಿ ಮೂಸಿ, ಮಲಗಿ, ತಾನಾಗಿ ಬಿಡೋವರೆಗೂ ಇರಲಿ. ತಿನ್ನದಿದ್ದಾಗ ಹೊಸಹೊಸ ರುಚಿ ಇಡುತ್ತಾ ಹೋದರೆ ಮಾಮೂಲು ಊಟ ಬಿಡೋದನ್ನ ಕಲಿಯುತ್ತೆ. 15 ನಿಮಿಷ ಇಟ್ಟು ತೆಗೀರಿ. ಎರಡು ದಿನ ಪೂರ್ತಿ ತಿನ್ನದಿದ್ದರೆ, ವಾಂತಿ ಸೇರಿಕೊಂಡರೆ ದುಃಖ ಅಂತ ಸುಮ್ಮನಿರಬೇಡಿ, ರಕ್ತಪರೀಕ್ಷೆ ಮಾಡಿಸಿ. ಎರಡೂ ಒಂದೇ ಮನೆಯಲ್ಲಿ ಬೆಳೆದದ್ದು, ಕಾಯಿಲೆಗೆ ಕಾರಣವೂ ಒಂದೇ ಇರಬಹುದು.

ಮಾತುಕಥೆ
ದುಃಖಕ್ಕೆ ಐದು ಹಂತ ಇದೆ. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ. ದಾಟಿಕೊಂಡು ಹೋಗಬೇಕು, ಅಷ್ಟೇ. ವರ್ಷ ಕಳೆದರೂ ಅಳ್ತಿದ್ದರೆ ಕಾಯಿಲೆ.

ನೆರಳುಬೆಳಕು
ಎರಡೂ ಸರಿಯಿಲ್ಲ ಸರ್. ಮನೋವೈದ್ಯೆ ಎಲಿಸಬೆತ್ ಕುಬ್ಲರ್-ರಾಸ್ 1969ರಲ್ಲಿ ಆ ಐದನ್ನ ಬರೆದದ್ದು ತಮ್ಮದೇ ಸಾವು ಎದುರಿಗಿದ್ದ ರೋಗಿಗಳನ್ನ ನೋಡಿ. ಅಗಲಿಕೆಯ ದುಃಖ ಮೆಟ್ಟಿಲು ಹತ್ತಿದ ಹಾಗೆ ಸಾಲಾಗಿ ಬರಲ್ಲ. ದುಃಖದ ಬಗ್ಗೆ ಸಂಶೋಧನೆ ಮಾಡಿದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಹೇಳಿದ್ದು ಹೆಚ್ಚು ಹೊಂದುತ್ತೆ: ಮನಸ್ಸು ಒಂದು ಹೊತ್ತು ಹೋದವರ ಕಡೆ, ಇನ್ನೊಂದು ಹೊತ್ತು ಉಳಿದ ಬದುಕಿನ ಕಡೆ ಹೋಗಿ ಬಂದು ಮಾಡುತ್ತೆ. ಎರಡಕ್ಕೂ ಜಾಗ ಬೇಕು. ಬೆಳಗ್ಗೆ ಅತ್ತು ಮಧ್ಯಾಹ್ನ ನಕ್ಕರೆ ಪ್ರೀತಿ ಕಡಿಮೆ ಅಂತಲ್ಲ.

ದೀರ್ಘ ಶೋಕ ಅನ್ನೋ ರೋಗನಿರ್ಣಯ 2022ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತು, ದೊಡ್ಡವರಿಗೆ 12 ತಿಂಗಳ ಗಡುವು. ಆದರೆ ಅದರ ವ್ಯಾಖ್ಯೆಯಲ್ಲಿರೋದು ಮನುಷ್ಯರ ಸಾವು, ನಾಯಿಯದ್ದಲ್ಲ. ಅಂದರೆ ನಾಯಿಗಾಗಿ ಪಡೋ ದುಃಖವನ್ನ ಕಾಯಿಲೆ ಅಂತ ಅಳೆಯೋ ಪಟ್ಟಿಯೇ ಇಲ್ಲ. ಇದಕ್ಕೆ ಇನ್ನೊಂದು ಮುಖ ಇದೆ. ಕಚೇರಿಯಲ್ಲಿ ರಜೆ ಇಲ್ಲ, ಮನೆಗೆ ಬಂದು ಕೂರೋರಿಲ್ಲ, "ನಾಯಿ ತಾನೇ" ಅಂತಾರೆ. ಸಮಾಜ ಮಾನ್ಯತೆ ಕೊಡದ ಇಂಥ ದುಃಖದ ಬಗ್ಗೆ ಸಂಶೋಧಕ ಕೆನೆತ್ ಡೋಕಾ 1989ರಲ್ಲೇ ಬರೆದರು.

ಗಡುವಿಗಿಂತ ಈ ಲಕ್ಷಣ ನೋಡಿ: ವಾರಗಟ್ಟಲೆ ನಿದ್ದೆ ಇಲ್ಲ, ಕೆಲಸಕ್ಕೆ ಹೋಗೋಕಾಗ್ತಿಲ್ಲ, ಕುಡಿತ ಹೆಚ್ಚಾಗಿದೆ, ಬದುಕಿದ್ದು ಏನು ಅನ್ನಿಸ್ತಿದೆ. ಇದರಲ್ಲಿ ಯಾವುದಿದ್ದರೂ ಮನೋವೈದ್ಯರ ಹತ್ತಿರ ಹೋಗಿ. ಕೊನೆಯದಿದ್ದರೆ ಇವತ್ತೇ, ಒಬ್ಬರನ್ನ ಜೊತೆಗೆ ಕರ್ಕೊಂಡು. ಖಾಲಿ ಮನೆಯಲ್ಲಿ ಉಗುರಿನ ಸದ್ದು ಕೇಳಿಸಿದ ಹಾಗಾಗೋದು, ಬಾಗಿಲು ತೆಗೆದಾಗ ಕಾಲು ತಾನಾಗಿ ಸರಿಸೋದು, ಇವೆಲ್ಲ ಮಾಮೂಲು. ಹೆದರಬೇಡಿ.

ಬೆಳ್ಳಿಚುಕ್ಕಿ
ಫೋನಿನಲ್ಲಿ "ಇದೇ ದಿನದ ನೆನಪು" ಅಂತ ಫೋಟೋ ತಾನಾಗಿ ಬರೋದನ್ನ ಆಫ್ ಮಾಡಿಡಿ. ಲಸಿಕೆಯ ಜ್ಞಾಪನೆ ಸಂದೇಶವನ್ನೂ ನಿಲ್ಲಿಸಿ, ಆಸ್ಪತ್ರೆಗೆ ಹೇಳಿದರೆ ದಾಖಲೆ ಮುಚ್ಚುತ್ತಾರೆ. ಗುರುತಿಗೆ ಚರ್ಮದಡಿ ಮೈಕ್ರೋಚಿಪ್ ಹಾಕಿಸಿದ್ದರೆ ಅದರ ನೋಂದಣಿಯಲ್ಲೂ ತಿಳಿಸಬೇಕು.

ಜಗಲಿಕಟ್ಟೆ
ತುಂಬ ಉಪಕಾರ ಆಯ್ತು. ಕ್ಯಾಲೆಂಡರ್ ಇವತ್ತೇ ಶುರು. ಡಾಕ್ಟರಿಗೆ ಮತ್ತಿನ ಇಂಜೆಕ್ಷನ್ ಬಗ್ಗೆ ಕೇಳ್ತೀವಿ. ಉಳಿದ ಔಷಧಿ ಏನು ಮಾಡೋದು?

ಹಸಿರುಕೋಟು
ಕಮೋಡಿಗೆ ಸುರಿಯಬೇಡಿ, ಇನ್ನೊಂದು ನಾಯಿಗೆ ಕೊಡಬೇಡಿ. ಆಸ್ಪತ್ರೆ ಅಥವಾ ಔಷಧಿ ಅಂಗಡಿ ವಾಪಸ್ ತಗೊಳ್ಳುತ್ತಾ ಕೇಳಿ. ಸೂಜಿಗಳು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮುಚ್ಚಳಕ್ಕೆ ಟೇಪ್ ಸುತ್ತಿ.

ಅಂಗಳದಹುಡುಗ
ಸ್ವಲ್ಪ ವಿಷಯ ಬೇರೆ. ಮರಿ ಪಾರ್ವೋದಿಂದ (ನಾಯಿಮರಿಗಳಿಗೆ ಬರೋ ವೈರಸ್ ಸೋಂಕು) ಸತ್ತ ಮನೆಗೆ ಇನ್ನೊಂದು ಮರಿ ಎಷ್ಟು ದಿನಕ್ಕೆ ತರಬಹುದು? ಮನೆಯಲ್ಲಿ ಎಲ್ಲರೂ ಅಳ್ತಿದ್ದಾರೆ, ಬೇಗ ಒಂದು ಬಂದರೆ ಸರಿಹೋಗುತ್ತೆ ಅನ್ಸುತ್ತೆ.

ನೆರಳುಬೆಳಕು
ಅಳು ನಿಲ್ಲಿಸೋಕೆ ಅಂತ ತರಬೇಡಿ. ಹೊಸ ಮರಿಯನ್ನ ಹಳೆಯದರ ಜೊತೆ ಹೋಲಿಸಿ ಹೋಲಿಸಿ ಅದಕ್ಕೂ ಅನ್ಯಾಯ ಆಗುತ್ತೆ. ಮನೆಯವರೆಲ್ಲ ಒಪ್ಪಿದ ಮೇಲೆ ತನ್ನಿ. ಅದೇ ಹೆಸರು ಇಡಬೇಡಿ.

ಹಸಿರುಕೋಟು
ಮನಸ್ಸು ಒಪ್ಪಿದರೂ ಪಾರ್ವೋ ಒಪ್ಪಲ್ಲ. ನೆರಳಿರೋ ಮಣ್ಣಿನಲ್ಲಿ ಆ ವೈರಸ್ ಒಂದು ವರ್ಷಕ್ಕೂ ಹೆಚ್ಚು ಬದುಕಿರುತ್ತೆ. ಮಾಮೂಲು ಫಿನಾಯಿಲ್, ಡೆಟಾಲ್ ನಂಬಬೇಡಿ. ನೆಲವನ್ನ ಮೊದಲು ಸೋಪು ನೀರಲ್ಲಿ ಉಜ್ಜಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಸುರಿದು 10 ನಿಮಿಷ ಒದ್ದೆಯಾಗೇ ಬಿಡಿ. ಕೊಳೆ ಇದ್ದ ಹಾಗೇ ಬ್ಲೀಚ್ ಹಾಕಿದರೆ ಕೆಲಸ ಮಾಡಲ್ಲ. ಬಟ್ಟೆ ಹಾಸಿಗೆ, ಮರದ ಆಟಿಕೆ ಎಸೆಯಿರಿ. ಅಂಗಳದ ಮಣ್ಣನ್ನ ಶುದ್ಧ ಮಾಡೋಕೆ ಆಗಲ್ಲ. ಹಾಗಾಗಿ ಲಸಿಕೆಯ ಸುತ್ತು ಪೂರ್ತಿಯಾದ, ಕೊನೆಯ ಡೋಸ್ 16 ವಾರದ ವಯಸ್ಸು ದಾಟಿದ ಮೇಲೆ ಹಾಕಿಸಿಕೊಂಡ ನಾಯಿಯನ್ನೇ ತನ್ನಿ, ಅದೂ ಆ ಡೋಸ್ ಆಗಿ ಎರಡು ವಾರ ಕಳೆದ ಮೇಲೆ.